ಮಧ್ಯಾಹ್ನ ಅಳದ ಕೂಸುಗಳು

ನಮ್ಮ ಮನೆಗೆ ಮೊದಲ ಕೂಸು ಬಂದದ್ದು ಬೇವೂರಿನ ಬಸ್ಸಿನಿಂದ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಗಂಡ ಯಲಬುರ್ಗಾದಿಂದ ಸುತ್ತಲ ಹಳ್ಳಿಗಳಿಗೆ ಓಡುವ ಬಸ್ಸಿನಲ್ಲಿ ಕಂಡಕ್ಟರಾಗಿದ್ದರು. ಬೇವೂರಿನ ಶಾಲೆಗೆ ಹೊಸದಾಗಿ ಬಂದ ಅಕ್ಕೋರೊಬ್ಬರು ದಿನಾ ಬೆಳಿಗ್ಗೆ ಅದೇ ಬಸ್ಸು ಹತ್ತುತ್ತಿದ್ದರು. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಕರೆಯುವುದೇ ಹಾಗೆ, ಅಕ್ಕೋರು ಎಂದು. ಅವರ ಕಂಕುಳಲ್ಲಿ ಇನ್ನೂ ಕುತ್ತಿಗೆ ನಿಲ್ಲದ ಹೆಣ್ಣುಕೂಸು. ತವರಿನಲ್ಲಿ ತಾಯಿ ಇರಲಿಲ್ಲ, ಗಂಡನ ನೌಕರಿ ದೂರದ ಊರಿನಲ್ಲಿ. ಶಾಲೆಯಲ್ಲಿ ಮೇಜಿನ ಪಕ್ಕ ಚಾಪೆ ಹಾಸಿ ಕೂಸನ್ನು ಮಲಗಿಸಿ ಪಾಠ ಹೇಳುತ್ತಿದ್ದರಂತೆ.

ಬೇಸಿಗೆ ಬಂತು. ಎರೆಭೂಮಿಯ ಬಿಸಿಲು, ಬಸ್ಸಿನ ತುಂಬ ಧೂಳು. ಒಂದು ಸಂಜೆ ಕೂಸು ಜ್ವರದಿಂದ ಕೆಂಡವಾಗಿತ್ತು. ಅಕ್ಕೋರು ಕಿಟಕಿಗೆ ಸೆರಗು ಅಡ್ಡ ಹಿಡಿದುಕೊಂಡು ಸದ್ದಿಲ್ಲದೆ ಅಳುತ್ತಿದ್ದರು. ನನ್ನ ಗಂಡ ಟಿಕೀಟು ಹರಿಯುವುದನ್ನು ನಿಲ್ಲಿಸಿ, "ಅಕ್ಕೋರ, ನಾಳಿಂದ ಕೂಸನ್ನ ನಮ್ಮ ಮನಿಯಾಗ ಬಿಟ್ಟು ಹೋಗ್ರಿ. ನಮ್ಮವ್ವ ಅದಾಳ, ಮನಿಯಾಕಿ ಅದಾಳ. ಬಸ್ಸು ಹೆಂಗೂ ನಮ್ಮ ಓಣಿ ಮುಂದನ ಹೋಗತೈತಿ," ಅಂದರಂತೆ.

ನನ್ನನ್ನೇನೂ ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸು ಓಣಿಯ ಬಾಯಿಗೆ ನಿಂತಾಗ ಕೈಯಲ್ಲಿ ಕೂಸು, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ಇಳಿದ ಅಕ್ಕೋರನ್ನು ನೋಡಿ ನಾನು ಕಸಬರಿಗೆ ಹಿಡಿದು ಹಾಗೇ ನಿಂತುಬಿಟ್ಟೆ. ಮುಂದೆ ಹೋಗಿ ಕೂಸನ್ನು ಎತ್ತಿಕೊಂಡವರು ನನ್ನ ಅತ್ತೆ. "ತರ್ರಿ ಯವ್ವಾ ಇಲ್ಲೆ. ನೀವು ಬಸ್ಸು ತಪ್ಪಿಸಿಕೋಬ್ಯಾಡ್ರಿ," ಎಂದರು. ಅಕ್ಕೋರು ಹಿಂತಿರುಗಿ ನೋಡುತ್ತ ಬಸ್ಸು ಹತ್ತಿದರು.

ನಾನು ಗಂಗಾವತಿ ಕಡೆಯವಳು. ವರ್ಷವಿಡೀ ಕಾಲುವೆಯಲ್ಲಿ ನೀರು ಹರಿಯುವ, ಎತ್ತ ನೋಡಿದರೂ ಭತ್ತದ ಗದ್ದೆ ಇರುವ ಊರಿನಿಂದ ಕೊಡ ಹೊತ್ತು ದೂರ ನಡೆಯುವ ಊರಿಗೆ ಮದುವೆಯಾಗಿ ಬಂದಿದ್ದೆ. ಮೆಟ್ರಿಕ್ ಪಾಸಾಗಿದ್ದರೂ ಅದರಿಂದ ನನಗೆ ಏನೂ ಆಗಿರಲಿಲ್ಲ. ನನ್ನ ಒಬ್ಬಳೇ ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಹಗಲು ಬಹಳ ಉದ್ದವೆನಿಸುತ್ತಿತ್ತು. ಹಾಗಾಗಿ ಆ ಕೂಸು ನನಗೂ ಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ. ಅದರ ಜ್ವರ ಇಳಿಯಿತು, ಮೈ ತುಂಬಿಕೊಂಡಿತು. ಅಕ್ಕೋರು ಕಿನ್ನಾಳದಿಂದ ತಂದ ಬಣ್ಣದ ಗೊಂಬೆಯನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು, ಅತ್ತೆ ಕಿತ್ತುಕೊಂಡು ಗೋಡೆಯ ಮಾಡದಲ್ಲಿ ಇಡುತ್ತಿದ್ದರು.

ಒಂದು ಕೂಸಿನ ಸುದ್ದಿ ಇನ್ನೊಬ್ಬ ತಾಯಿಗೆ ತಿಳಿಯಲು ಹೊತ್ತು ಬೇಕಿಲ್ಲ. ನಮ್ಮ ಯಲಬುರ್ಗಾ ಕಚೇರಿಗಳ ಊರು. ತಾಲೂಕು ಕಚೇರಿಯಲ್ಲಿ ಟೈಪು ಮಾಡುವಾಕೆ ಬಂದಳು, ಮಗ ಆಗತಾನೆ ಅಂಬೆಗಾಲಿಡುತ್ತಿದ್ದ. ಅಂಚೆ ಕಚೇರಿಯವರ ಹೆಂಡತಿ, ಆಕೆಯೂ ನೌಕರಿಯಾಕೆ, ಕೂಸು ಎತ್ತಿಕೊಂಡು ಬಂದಳು. ಸರ್ಕಾರಿ ದವಾಖಾನೆಯ ನರ್ಸು ಹೆರಿಗೆ ರಜೆ ಮುಗಿಸಿ, ಮೂಗಿನ ಮೇಲೆ ಸಣ್ಣ ಮಚ್ಚೆಯಿದ್ದ ಗಂಡುಕೂಸನ್ನು ತಂದು ಬಿಟ್ಟರು. ಅವರನ್ನು ಊರೆಲ್ಲ ಸಿಸ್ಟರ್ ಅನ್ನುತ್ತಿತ್ತು, ನಾವೂ ಹಾಗೇ ಕರೆದೆವು. ಪಡಸಾಲೆಯ ತೊಲೆಗೆ ಹಳೆಯ ಸೀರೆಗಳ ಜೋಳಿಗೆಗಳು ಒಂದೊಂದಾಗಿ ಇಳಿಬಿದ್ದವು. ಮನೆಯೊಳಗೆ ನಡೆಯುವವರು ತಲೆ ತಗ್ಗಿಸಿ ನಡೆಯಬೇಕಾಯಿತು.

ನಮ್ಮಿಬ್ಬರಲ್ಲಿ ಕೆಲಸ ತಾನಾಗಿಯೇ ಪಾಲಾಗಿತ್ತು. ನಡೆದಾಡುವ ಮಕ್ಕಳು ನನ್ನವು, ಜೋಳಿಗೆಯ ಕೂಸುಗಳು ಅತ್ತೆಯವು. ನಾನು ಹಿತ್ತಲಲ್ಲಿ ಮಕ್ಕಳ ಹಿಂದೆ ಓಡುತ್ತಿದ್ದೆ, ಅನ್ನ ಕಲಸಿ ಉಣಿಸುತ್ತಿದ್ದೆ, ಜಗಳ ಬಿಡಿಸುತ್ತಿದ್ದೆ. ಅತ್ತೆ ಜೋಳಿಗೆಗಳ ನಡುವೆ ಗೋಡೆಗೆ ಒರಗಿ ಕುಳಿತು, ಒಂದನ್ನು ಕೈಯಿಂದ, ಇನ್ನೊಂದನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿದ ಹಗ್ಗದಿಂದ ತೂಗುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಮನೆ ಎಷ್ಟು ಶಾಂತವಾಗುತ್ತಿತ್ತೆಂದರೆ, ಬೀದಿಯಲ್ಲಿ ಹೋಗುವವರಿಗೆ ಇಲ್ಲಿ ಇಷ್ಟು ಮಕ್ಕಳಿದ್ದಾವೆ ಎಂದು ತಿಳಿಯುತ್ತಲೇ ಇರಲಿಲ್ಲ. "ನಿಮ್ಮ ಅತ್ತಿ ಕೈಗುಣ ಭಾಳ ಛಲೋ ಐತ್ರಿ. ನಮ್ಮನಿಯಾಗ ಇವನು ಒಂದು ಗಳಿಗಿ ಸುಮ್ಮನಿರಂಗಿಲ್ಲ," ಎಂದು ಟೈಪಿನಾಕೆ ನನ್ನೆದುರೇ ಹೇಳಿದ್ದಳು. ಅಂಥ ಮಾತು ಕೇಳಿದಾಗ ಅತ್ತೆಯ ಮುಖ ಅರಳುತ್ತಿತ್ತು. ಗಂಡನನ್ನು ಬೇಗ ಕಳೆದುಕೊಂಡು, ಮಂದಿಯ ಹೊಲಗಳಲ್ಲಿ ಕಳೆ ಕಿತ್ತು ಮಗನನ್ನು ಬೆಳೆಸಿದ ಹೆಣ್ಣುಮಗಳು. ನೌಕರಿಯ ಹೆಣ್ಣುಮಕ್ಕಳು ತನ್ನನ್ನು "ಯವ್ವಾರ" ಎಂದು ಕರೆಯುವುದು ಅವರಿಗೆ ಹೊಸ ಸುಖವಾಗಿತ್ತು.

ಮುಂದಿನ ವರ್ಷದ ಹೊತ್ತಿಗೆ ಬೇಡ ಅನ್ನಬೇಕಾದವರ ಸಂಖ್ಯೆ ಹೆಚ್ಚಾಯಿತು. ಒಬ್ಬ ತಾಯಿಯಂತೂ ಹೊಸ್ತಿಲ ಬಳಿ ಕುಳಿತು, "ನಿಮ್ಮ ಮನಿ ಮೂಲ್ಯಾಗ ಎಲ್ಲೆರ ಹಾಕ್ಕೊಳ್ರಿ, ಇಲ್ಲಾಂದ್ರ ನಾ ನೌಕರಿ ಬಿಡಬೇಕಾಗತೈತಿ," ಎಂದಳು. ಆಗಲೇ ಬಸ್‌ಸ್ಟ್ಯಾಂಡಿನ ಹತ್ತಿರದ ಮನೆಯ ಮಾತು ಬಂತು. ನಿವೃತ್ತರಾದ ಹೆಡ್ ಮಾಸ್ತರರೊಬ್ಬರ ಮನೆ. ದೊಡ್ಡ ಪಡಸಾಲೆ, ಹಿಂದೆ ಕಾಂಪೌಂಡು, ಅದರೊಳಗೆ ಒಂದು ಬೇವಿನ ಮರ, ನೀರಿನ ನಳ. ಮಗನ ಬಳಿಗೆ ಹೋಗುವವರಿದ್ದ ಅವರು ಕೀಲಿಯನ್ನು ನನ್ನ ಗಂಡನ ಕೈಗೇ ಕೊಟ್ಟು, "ನೋಡಿ ಹೇಳ್ರಿ, ಅವಸರಿಲ್ಲ," ಎಂದಿದ್ದರು.

ನನ್ನ ಗಂಡನಿಗೆ ಮಾತ್ರ ಅವಸರವಿತ್ತು. ರಜೆಯ ದಿನ ನಮ್ಮನ್ನು ಕರೆದುಕೊಂಡು ಹೋಗಿ ಮನೆ ತೋರಿಸಿದರು. "ಇಲ್ಲೆ ಸಣ್ಣವು, ಅಲ್ಲೆ ದೊಡ್ಡವು. ಮರದ ಕೆಳಗ ಆಡಲಿಕ್ಕೆ ಜಾಗಾ. ಸುಣ್ಣಾ ಹೊಡದರ ಆತು," ಎಂದು ಕೋಣೆಯಿಂದ ಕೋಣೆಗೆ ಓಡಾಡಿದರು. ಅತ್ತೆ ತೊಲೆಗಳನ್ನು ನೋಡುತ್ತ ಎಷ್ಟು ಜೋಳಿಗೆ ಹಾಕಬಹುದೆಂದು ಲೆಕ್ಕ ಹಾಕುತ್ತಿದ್ದರು.

ನನಗೆ ಮಾತ್ರ ಆ ಲೆಕ್ಕ ಕೂಡಿ ಬರಲಿಲ್ಲ. "ಕೂಸುಗಳು ಹೆಚ್ಚಾದ್ರ ಅತ್ತಿ ಒಬ್ರ ಕೈಲಿ ಹೆಂಗ ಆಗತೈತಿ? ಇನ್ನೊಬ್ಬಾಕಿ ಬೇಕಾಗತಾಳ," ಎಂದೆ.

"ಯಾರೂ ಬ್ಯಾಡ," ಎಂದರು ಅತ್ತೆ. "ಹೊರಗಿನವರು ಬಂದು ಕೂಸುಗಳನ್ನ ಎಲ್ಲೆಂದ್ರಲ್ಲಿ ಬಿಟ್ಟು ಕೂತಾರು. ನನ್ನ ಹತ್ರ ಯಾವ ಕೂಸು ಅತ್ತೈತಿ ಹೇಳು ನೀ. ಎರಡಿದ್ರೂ ಅಷ್ಟ, ಹತ್ತಿದ್ರೂ ಅಷ್ಟ."

ಅದು ನಿಜವೇ ಆಗಿತ್ತು. ಮನೆ ಹಿಡಿಯುವುದೆಂದೇ ತೀರ್ಮಾನವಾಯಿತು. ಗಂಡ ಸುಣ್ಣದ ಹರಳು ತಂದು ಹಿತ್ತಲಿನ ಮೂಲೆಯಲ್ಲಿಟ್ಟರು.

ಸುಣ್ಣ ಅರಳಿಸುವ ಮೊದಲೇ ಒಂದು ಮಧ್ಯಾಹ್ನ ಸಿಸ್ಟರ್ ಬಂದರು. ಅವರು ಯಾವಾಗಲೂ ಸಂಜೆ ಬರುವವರು. ಅಂದು ಪಾಳಿ ಬದಲಾಗಿತ್ತು, ಎದೆ ಹಾಲು ತುಂಬಿ ನೋಯುತ್ತಿತ್ತು, ಕೂಸಿಗೆ ಒಂದಿಷ್ಟು ಕುಡಿಸಿ ಹೋಗೋಣವೆಂದು ನೇರ ಪಡಸಾಲೆಗೆ ಹೋದರು. ನಾನು ಹಿತ್ತಲಲ್ಲಿ ಒಬ್ಬಳು ಹುಡುಗಿಯ ಕೈಕಾಲು ತೊಳೆಸುತ್ತಿದ್ದೆ. ಒಳಗಿನಿಂದ ಸಿಸ್ಟರ್ ಕೂಸನ್ನು ಮುದ್ದಿನಿಂದ ಕರೆಯುವುದು ಕೇಳಿಸಿತು. ಮತ್ತೆ ಮತ್ತೆ ಕರೆದರು. ಆಮೇಲೆ ದನಿ ಬದಲಾಯಿತು.

ನಾನು ಒಳಗೆ ಬಂದಾಗ ಅವರು ಕೂಸನ್ನು ಬಾಗಿಲ ಬೆಳಕಿಗೆ ಒಯ್ದು, ಹೆಬ್ಬೆರಳಿನಿಂದ ಅದರ ರೆಪ್ಪೆ ಎತ್ತಿ ನೋಡುತ್ತಿದ್ದರು. ಕೂಸಿನ ತುಟಿ ಎದೆಗೆ ತಾಗಿದರೂ ಚೀಪುತ್ತಿರಲಿಲ್ಲ. ಕೈ ಎತ್ತಿ ಬಿಟ್ಟರೆ ಹಾಗೇ ಕೆಳಗೆ ಬೀಳುತ್ತಿತ್ತು.

"ಏನು ಕುಡಿಸೀರಿ ಇದಕ್ಕ?" ಎಂದು ಸಿಸ್ಟರ್ ಕೇಳಿದರು. ದನಿ ಏರಿಸಲಿಲ್ಲ.

"ಗುಟ್ಟಿ ಕುಡಿಸೀನ್ರಿ," ಎಂದರು ಅತ್ತೆ, ಕುಳಿತಲ್ಲಿಂದಲೇ, ನಿರಾಳವಾಗಿ. "ದಿನಾ ಕುಡಸೋದ."

ಗುಟ್ಟಿ ನಮ್ಮಲ್ಲಿ ಎಲ್ಲ ಮನೆಗಳಲ್ಲೂ ಇರುವುದೇ. ಬಜೆ, ಜಾಜಿಕಾಯಿ, ಅಳಲೆಕಾಯಿ ಇಂಥವನ್ನು ಕಲ್ಲಿನ ಮೇಲೆ ತಾಯಿಯ ಹಾಲಿನಲ್ಲೋ ನೀರಿನಲ್ಲೋ ತೇಯ್ದು ಕೂಸಿಗೆ ನೆಕ್ಕಿಸುತ್ತಾರೆ. ಅತ್ತೆ ತೇಯುವುದನ್ನು ನಾನು ದಿನವೂ ನೋಡುತ್ತಿದ್ದೆ.

"ಗುಟ್ಟಿಯೊಳಗ ಏನೇನು ಹಾಕತೀರಿ ಯವ್ವಾ? ಎಲ್ಲಾ ಹೇಳ್ರಿ."

ಅತ್ತೆ ಒಂದೊಂದಾಗಿ ಹೇಳಿದರು. ಕೊನೆಗೆ, ಇದೂ ಅವುಗಳಂತೆಯೇ ಇನ್ನೊಂದು ಎನ್ನುವಂತೆ, "ಮತ್ತ ಮೇಲೆ ಒಂಚೂರು ಅಫೀಮು. ಸಾಸಿವಿಗಿಂತ ಸಣ್ಣದು," ಎಂದರು.

ಸಿಸ್ಟರ್ ನನ್ನ ಕಡೆ ನೋಡಿದರು. ನನಗೆ ಗೊತ್ತಿತ್ತೋ ಇಲ್ಲವೋ ಎಂದು ಅವರು ನನ್ನ ಮುಖದಲ್ಲಿ ಹುಡುಕಿದ್ದು ನನಗೆ ತಿಳಿಯಿತು. ನನ್ನ ಮಗಳು ನೆನಪಾದಳು. ಮಗಳು ಹುಟ್ಟಿದಾಗ ನನಗೆ ಬಾಣಂತಿ ಸನ್ನಿಯಂತೆ ಜ್ವರ ಬಂದು, ಕೂಸು ಪೂರ್ತಿ ಅತ್ತೆಯ ಕೈಯಲ್ಲೇ ಇತ್ತು. ಅದು ಎಷ್ಟು ಚೆನ್ನಾಗಿ ಮಲಗುತ್ತದೆ ಎಂದು ನಾನೇ ಎಲ್ಲರಿಗೂ ಹೇಳಿಕೊಂಡಿದ್ದೆ.

ಆ ಮಧ್ಯಾಹ್ನವೆಲ್ಲ ಸಿಸ್ಟರ್ ಕೂಸನ್ನು ಹೆಗಲಿಗೆ ಹಾಕಿಕೊಂಡು ಹಿತ್ತಲಿನಿಂದ ಪಡಸಾಲೆಗೆ, ಪಡಸಾಲೆಯಿಂದ ಹಿತ್ತಲಿಗೆ ನಡೆದರು. ಅಂಗಾಲು ತಟ್ಟಿದರು, ಒದ್ದೆ ಬಟ್ಟೆಯಿಂದ ಮುಖ ಒರೆಸಿದರು, ಉಸಿರು ನೋಡಿದರು. ನನಗೆ ಉಳಿದ ಜೋಳಿಗೆಗಳ ಹತ್ತಿರ ಹೋಗಿ ಹಾಗೇ ಮಾಡಲು ಹೇಳಿದರು. ಅಕ್ಕೋರ ಮಗಳು ಈಗ ದೊಡ್ಡದಾಗಿ ಗೋಡೆ ಹಿಡಿದು ನಿಲ್ಲುತ್ತಿತ್ತು, ಆದರೂ ಅದು ಮಧ್ಯಾಹ್ನದ ಗುಟ್ಟಿ ಬಿಟ್ಟಿರಲಿಲ್ಲ. ಅದನ್ನು ಎಬ್ಬಿಸಲು ನನಗೆ ಸಾಕುಬೇಕಾಯಿತು. ಅತ್ತೆ ಏನಾಗುತ್ತಿದೆ ಎಂದು ತಿಳಿಯದೆ, ನಮ್ಮಿಬ್ಬರನ್ನೂ ನೋಡುತ್ತ, "ಮಲಗಿದ ಕೂಸನ್ನ ಯಾಕ ಎಬ್ಬಸ್ತೀರಿ? ಮಲಗಿದ್ರ ಬೆಳೀತಾವ," ಎನ್ನುತ್ತಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಸಿಸ್ಟರ ಕೂಸು ಕಣ್ಣು ಬಿಟ್ಟು, ಮುಖ ಕಿವುಚಿ, ಜೋರಾಗಿ ಅತ್ತಿತು. ಅವರು ಹೊಸ್ತಿಲ ಮೇಲೆ ಕುಸಿದು ಕುಳಿತು ಅದಕ್ಕೆ ಎದೆ ಕೊಟ್ಟರು. ಅಷ್ಟು ಹೊತ್ತು ಗಟ್ಟಿಯಾಗಿದ್ದವರ ಕಣ್ಣಲ್ಲಿ ಆಗ ನೀರು ಬಂತು.

"ಇದು ಹೆಚ್ಚಾದ್ರ ಉಸಿರು ನಿಂತು ಹೋಗತೈತ್ರಿ," ಎಂದರು ನನಗೊಬ್ಬಳಿಗೇ ಕೇಳುವಂತೆ. "ಸಾಸಿವಿ ಅಂತಾರ, ಯಾರ ಕೈಯಾಗ ಒಂದ ಸಮ ಬರತೈತಿ? ನಾನು ಯಾರಿಗೂ ಹೇಳಂಗಿಲ್ಲ. ಆದರ ಉಳಿದ ತಾಯಂದ್ರಿಗೆ ನೀವು ಹೇಳಬೇಕು."

ಆ ಸಂಜೆ ಗಂಡ ಮನೆಗೆ ಬಂದ ಮೇಲೆ ಹಿತ್ತಲಿಗೆ ಕರೆದು ಎಲ್ಲವನ್ನೂ ಹೇಳಿದೆ. ಅವರು ಟಿಕೀಟಿನ ಚೀಲವನ್ನು ಹೆಗಲಿನಿಂದ ಇಳಿಸದೆಯೇ ಕೇಳಿದರು. ಮೊದಲು ನಕ್ಕರು. "ನಾನೂ ಅದನ್ನ ಕುಡದ ಬೆಳದಾಂವ. ಹೊಲದಾಗ ಬೇವಿನ ಗಿಡಕ್ಕ ಜೋಳಿಗಿ ಕಟ್ಟಿ, ಒಂದು ಚೂರು ನೆಕ್ಕಿಸಿ ಅವ್ವ ಕಳೆ ತೆಗಿಯಾಕ ಹೋಗತಿದ್ಲು. ಇಲ್ಲಾಂದ್ರ ಹೊಟ್ಟಿಗೇನು ತಿಂತಿದ್ವಿ? ನನಗೇನಾಗೇತಿ ಈಗ?"

"ನಿಮಗ ಏನೂ ಆಗಿಲ್ಲ," ಎಂದೆ. "ಇವು ಮಂದಿ ಮಕ್ಕಳು."

ಅವರು ಚೀಲವನ್ನು ಹೆಗಲಿನಿಂದ ಇಳಿಸಿದರು. ಆಮೇಲೆ ನಿಧಾನವಾಗಿ ಅಂದರು: "ನಾಳಿಂದ ಬಿಡಸಿಬಿಡು. ಅವ್ವಗ ನಾನು ಹೇಳತೀನಿ. ಮುಗೀತಲ್ಲ? ಆಗಿ ಹೋದದ್ದನ್ನ ಊರಿಗೆಲ್ಲ ಹೇಳಿ ಏನು ಬರತೈತಿ? ಎಲ್ಲಾರೂ ಮಕ್ಕಳನ್ನ ಕರಕೊಂಡು ಹೋಗತಾರ. ಅವ್ವನ ಮುಖ ಹೆಂಗ ನೋಡತಾರ ಮಂದಿ? ಮನಿ ಹಿಡಿಯೋಣು, ಇನ್ನೊಬ್ಬಾಕಿನ್ನ ಇಟ್ಕೊಳ್ಳೋಣು."

ಅವರ ಮಾತಿನಲ್ಲಿ ತಪ್ಪು ಹುಡುಕುವುದು ಸುಲಭವಿರಲಿಲ್ಲ. ಅವ್ವನನ್ನು ಉಳಿಸಿಕೊಳ್ಳುವ ಮಗನ ಮಾತದು. ನಾನೂ ಆ ರಾತ್ರಿ ಹಾಗೇ ಆಗಲಿ ಅಂದುಕೊಂಡೆ.

ಆದರೆ ಬೆಳಗಾದ ಮೇಲೆ ಕೂಸುಗಳು ಬಂದವು. ಗುಟ್ಟಿ ಇಲ್ಲದ ಮೊದಲ ಮಧ್ಯಾಹ್ನ ಒಂದು ಜೋಳಿಗೆಯಲ್ಲಿ ಅಳು ಶುರುವಾದದ್ದು ಎಲ್ಲ ಜೋಳಿಗೆಗಳಿಗೂ ಹತ್ತಿತು. ಅದು ಹಸಿವಿನ ಅಳುವಲ್ಲ, ನಿದ್ದೆಯ ಅಳುವೂ ಅಲ್ಲ. ಮೈ ಬಿಗಿದು, ಬೆವೆತು, ಎತ್ತಿಕೊಂಡರೂ ಬೇಡ, ಇಳಿಸಿದರೂ ಬೇಡ ಎನ್ನುವ ಅಳು. ಮೂಗು ಸೋರುತ್ತಿತ್ತು, ಹೊಟ್ಟೆ ಕೆಟ್ಟು, ತೊಳೆದವು ಒಣಗುವ ಮೊದಲೇ ಇದ್ದ ಬಟ್ಟೆಗಳೆಲ್ಲ ಮುಗಿಯುತ್ತಿದ್ದವು. ನಡೆದಾಡುವ ಮಕ್ಕಳು ಹೆದರಿ ನನ್ನ ಸೀರೆ ಹಿಡಿದುಕೊಂಡು ತಾವೂ ಅಳುತ್ತಿದ್ದವು. ನಾನು ಒಂದನ್ನು ಹೆಗಲಿಗೆ, ಒಂದನ್ನು ಸೊಂಟಕ್ಕೆ ಹಾಕಿಕೊಂಡು ತಿರುಗಿದೆ. ಬೀದಿಯ ಹೆಂಗಸರು ಕಟ್ಟೆಗೆ ಬಂದು ನಿಂತು, "ಏನಾತಬೇ ನಿಮ್ಮ ಕೂಸುಗಳಿಗೆ?" ಎಂದು ಕೇಳಿದರು.

ಅತ್ತೆ ಪಡಸಾಲೆಯ ಮೂಲೆಯಲ್ಲಿ ಕುಳಿತಿದ್ದರು. ಮಗ ಏನು ಹೇಳಿದ್ದನೋ, ಹೇಗೆ ಹೇಳಿದ್ದನೋ, ಅವರು ಯಾವ ಜೋಳಿಗೆಯ ಹಗ್ಗವನ್ನೂ ಮುಟ್ಟಲಿಲ್ಲ. "ಬರ್ರಿ ಅತ್ತಿ, ಇದನ್ನ ಒಂಚೂರು ಹಿಡೀರಿ," ಎಂದು ನಾನೇ ಕರೆದೆ. "ಒಲ್ಲೆ. ನನ್ನ ಕೈ ಛಲೋ ಅಲ್ಲಂತ," ಎಂದರು. ಸಿಟ್ಟಿನಿಂದ ಹೇಳಿದ ಮಾತಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವರು ಅದನ್ನು ಬಹಳ ಸಣ್ಣ ದನಿಯಲ್ಲಿ ಹೇಳಿದರು.

ಆ ಅಳುವಿನ ನಡುವೆ ನನಗೆ ಒಂದು ವಿಷಯ ನಿಚ್ಚಳವಾಯಿತು. ನಾವು ದೊಡ್ಡ ಮನೆ ಹಿಡಿಯಬಹುದು ಎಂದುಕೊಂಡದ್ದು ಎರಡು ಕೈಗಳ ಬಲದಿಂದಲ್ಲ, ಆ ನಿದ್ದೆಯ ಬಲದಿಂದ. ಅದನ್ನು ತೆಗೆದುಬಿಟ್ಟರೆ ಈ ಸಣ್ಣ ಮನೆಗೇ ಕೂಸುಗಳು ಹೆಚ್ಚಾಗಿದ್ದವು.

ಮೂರನೆಯ ದಿನ ನಾನು ಅಕ್ಕೋರಿಗೆ ಹೇಳಿದೆ. ಸಂಜೆ ಬಸ್ಸಿಳಿದು ಬಂದವರನ್ನು ಒಳಗೆ ಕೂಡಿಸಿ, ನೀರು ಕೊಟ್ಟು, ನೆಲ ನೋಡುತ್ತ ಎಲ್ಲವನ್ನೂ ಹೇಳಿ ಮುಗಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. ಮಡಿಲಲ್ಲಿ ಮಗಳು ಅವರ ಬಳೆ ತಿರುಗಿಸುತ್ತಿತ್ತು.

"ಮನಿಗೆ ಒಯ್ದ ಮೇಲೆ ರಾತ್ರಿಯೆಲ್ಲ ಇದು ಯಾಕ ಅಷ್ಟು ಅಳತಿತ್ತು ಅಂತ ಈಗ ತಿಳೀತ್ರಿ," ಎಂದರು ಕೊನೆಗೆ. "ನಿಮ್ಮಲ್ಲೆ ಸುಮ್ಮನಿರತಿತ್ತು, ನನ್ನ ಕೈಯಾಗ ಬಂದ ಕೂಡಲೆ ಹಠಾ ಹಿಡೀತಿತ್ತು. ಮಗ್ಗಲ ಮನಿಯವರು ಹೇಳತಿದ್ರು, ದಿನವಿಡೀ ಬಿಟ್ಟು ಹೋಗತಿ, ಕೂಸು ತಾಯಿನ್ನ ಮರತೈತಿ ಅಂತ. ನಾನೂ ಹಂಗ ತಿಳಕೊಂಡಿದ್ದೆ. ನಾನು ಛಲೋ ತಾಯಿ ಅಲ್ಲ, ಅದಕ್ಕ ನನ್ನ ಗುರ್ತ ಇಲ್ಲ ಅಂತ. ಎಷ್ಟು ರಾತ್ರಿ ಅದರ ಜೋಡಿ ನಾನೂ ಅತ್ತೀನಿ."

ನಾನು ಅವರ ಕೈ ಹಿಡಿಯಲು ಹೋದೆ. ಅವರು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಆದರೆ ಅದರಲ್ಲಿ ಜೀವವಿರಲಿಲ್ಲ. ಹೋಗುವಾಗ ಅತ್ತೆಯ ಮುಂದೆ ನಿಂತು, ನಮಸ್ಕಾರ ಮಾಡಿ ಹೊರಟುಹೋದರು. ಮರುದಿನ ಬಸ್ಸು ನಮ್ಮ ಓಣಿಯ ಬಾಯಿಯಲ್ಲಿ ನಿಲ್ಲಲಿಲ್ಲ. ಅವರು ರಜೆ ಹಾಕಿದರೆಂದು, ಆಮೇಲೆ ಗಂಡನ ಊರಿನ ಕಡೆಗೆ ವರ್ಗ ಮಾಡಿಸಿಕೊಂಡರೆಂದು ನನ್ನ ಗಂಡನಿಂದಲೇ ಕೇಳಿದೆ.

ಅವರಿಗೆ ಹೇಳಿದ ಮೇಲೆ ಉಳಿದವರಿಗೆ ಹೇಳದೆ ಇರಲು ಆಗುತ್ತಿರಲಿಲ್ಲ. ಟೈಪಿನಾಕೆ ಮಗನನ್ನು ಎತ್ತಿಕೊಂಡು ಹೋದವಳು ಮತ್ತೆ ನಮ್ಮ ಮನೆಯ ಕಡೆ ತಿರುಗಿ ನೋಡಲಿಲ್ಲ. ಅಂಚೆ ಕಚೇರಿಯವರ ಹೆಂಡತಿ ಮಾತ್ರ, "ಅಷ್ಟಕ್ಕ ಯಾಕಿಷ್ಟು ಗಾಬರಿ ಆಗೀರಿ? ಊರಾಗ ನಮ್ಮತ್ತಿನೂ ಕುಡಸತಿದ್ರು. ಒಂಚೂರು ಕೊಟ್ಟರ ನಿಮಗೂ ಹಗರ, ಕೂಸಿಗೂ ಹಗರ," ಎಂದಳು. ಬಿಟ್ಟು ಹೋದವರಿಗಿಂತ ಆಕೆಯ ಮಾತು ನನಗೆ ಹೆಚ್ಚು ಅಂಜಿಕೆ ತಂದಿತು. ಹೆಡ್ ಮಾಸ್ತರರ ಮನೆಯ ಕೀಲಿಯನ್ನು ಗಂಡ ಹಿಂದಿರುಗಿಸಿ ಬಂದರು. ಎಷ್ಟೋ ದಿನ ನನ್ನ ಜೊತೆ ಬೇಕಾದಷ್ಟೇ ಮಾತಾಡಿದರು. ಅವ್ವನನ್ನು ನಾನು ಬೀದಿಗೆ ತಂದೆ ಎಂಬುದು ಅವರ ಮನಸ್ಸಿನಲ್ಲಿತ್ತು. ಬಾಯಿಬಿಟ್ಟು ಅನ್ನಲಿಲ್ಲ.

ಅವರಿಗೆ ಹಾಗೆ ಅನ್ನಿಸಲು ಕಾರಣವೂ ಇತ್ತು. ನೀರಿಗೆ ಹೋದಾಗ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಸಂತೆಯಲ್ಲಿ ಯಾರೋ ಅತ್ತೆಗೆ ಕೇಳುವಂತೆಯೇ ಏನೋ ಅಂದರು. ಅಂದಿನಿಂದ ಅವರು ಸಂತೆಗೆ ಹೋಗುವುದನ್ನು ಬಿಟ್ಟರು. ಕಲ್ಲು, ಗುಟ್ಟಿಯ ಡಬ್ಬಿ ಎರಡನ್ನೂ ಎಲ್ಲಿ ಹಾಕಿದರೋ, ಮತ್ತೆ ನಾನು ನೋಡಲಿಲ್ಲ.

ಸಿಸ್ಟರ್ ಮಾತ್ರ ಕೂಸನ್ನು ಕರೆತರುವುದನ್ನು ಬಿಡಲಿಲ್ಲ. "ಬ್ಯಾರೆ ಕಡೆ ಬಿಟ್ರ ಅಲ್ಲೇನು ಕುಡಸತಾರ ಅಂತ ನನಗ ಗೊತ್ತಾಗಂಗಿಲ್ಲ. ಇಲ್ಲೆ ಈಗ ಗೊತ್ತೈತಿ," ಎಂದರು. ನಡುನಡುವೆ ದವಾಖಾನೆಯಿಂದ ಬಂದು ಹಾಲು ಕುಡಿಸಿ ಹೋಗುತ್ತಿದ್ದರು. ಅಂಥ ಒಂದು ಮಧ್ಯಾಹ್ನ ಅವರು ಪಡಸಾಲೆಯಲ್ಲಿ ಕುಳಿತು ಕೂಸಿಗೆ ಎದೆ ಕೊಟ್ಟಿದ್ದರು. ನಾನು ಜೋಳ ಕೇರುತ್ತಿದ್ದೆ. ಕಟ್ಟೆಯ ಮೇಲಿದ್ದ ಅತ್ತೆ ಎದ್ದು ಒಳಗೆ ಬಂದು ಅವರೆದುರು ನೆಲದ ಮೇಲೆ ಕುಳಿತರು. ಆ ಸಂಗತಿ ನಡೆದಂದಿನಿಂದ ಅವರು ಸಿಸ್ಟರ ಜೊತೆ ಮಾತಾಡಿರಲಿಲ್ಲ.

"ಒಂದು ಮಾತು ಕೇಳತೀನ್ರಿ ಸಿಸ್ಟರ," ಎಂದರು. "ಖರೇ ಹೇಳಬೇಕು."

"ಕೇಳ್ರಿ ಯವ್ವಾ."

"ಅದನ್ನ ಕುಡದ ಕೂಸು ಎಚ್ಚರಾಗದ ಹಂಗ ಹೋಗಬಹುದೇನು?"

ಮೊರದ ಮೇಲೆ ನನ್ನ ಕೈ ನಿಂತಿತು. ನನ್ನ ಗಂಡನಿಗಿಂತ ಮೊದಲು ಅತ್ತೆಗೆ ಒಂದು ಹೆಣ್ಣುಕೂಸು ಹುಟ್ಟಿ, ಹೊಲದಲ್ಲಿ ಜೋಳಿಗೆಯಲ್ಲಿ ಮಲಗಿದ್ದಲ್ಲೇ ತೀರಿಕೊಂಡಿತ್ತು. ಗಾಳಿ ಬಡಿಯಿತೆಂದು ಮನೆಯಲ್ಲಿ ಹೇಳುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯೇ ಒಮ್ಮೆ ಹೇಳಿದ್ದರು, ಹಾಲು ಕುಡಿಸೋಣವೆಂದು ಬಂದು ನೋಡಿದರೆ ಮೈ ತಣ್ಣಗಾಗಿತ್ತು ಎಂದು. ಸಿಸ್ಟರಿಗೆ ಇದು ಗೊತ್ತಿರಲಿಲ್ಲ. ಆದರೆ ಅವರು ಅತ್ತೆಯ ಮುಖ ನೋಡಿದರು. ನೋಡಿದ ಮೇಲೆ ಗೊತ್ತಾಯಿತು.

ಕೂಸಿನ ತಲೆ ಸವರುತ್ತ ಅವರು ಹೇಳಿದರು: "ಹಂಗೇನು ಆಗಂಗಿಲ್ಲ ಯವ್ವಾ. ಹಸುಗೂಸುಗಳಿಗೆ ಏನೇನೋ ಬ್ಯಾನಿ ಬರತಾವ. ಆ ಕಾಲದಾಗ ದವಾಖಾನಿ ಎಲ್ಲಿದ್ವು? ಯಾರಿಗೆ ಏನು ತಿಳೀತಿತ್ತು?"

"ಖರೇ?"

"ಖರೇರಿ."

ಅತ್ತೆ ಅವರನ್ನೇ ನೋಡುತ್ತ ಕುಳಿತರು. ಆಮೇಲೆ ನೆಲಕ್ಕೆ ಕೈಯೂರಿ ಎದ್ದು, ಸೆರಗು ಸರಿ ಮಾಡಿಕೊಂಡು, ಮತ್ತೆ ಕಟ್ಟೆಗೆ ಹೋದರು. ಸಿಸ್ಟರ್ ನನ್ನ ಕಡೆ ತಿರುಗಲಿಲ್ಲ. ನನಗೆ ಅವರು ಹೊಸ್ತಿಲ ಮೇಲೆ ಹೇಳಿದ್ದ ಮಾತು ನೆನಪಿತ್ತು, ಅವರಿಗೂ ಇತ್ತು. ಅತ್ತೆ ಅವರ ಉತ್ತರವನ್ನು ನಂಬಿದರೋ ಇಲ್ಲವೋ ಎಂದು ನಾನು ಎಂದೂ ಕೇಳಲಿಲ್ಲ. ಆ ರಾತ್ರಿ ಅವರು ಉಣ್ಣಲಿಲ್ಲ, ಅಷ್ಟೇ.

ಕೆಲಸವನ್ನು ನಾನು ಪೂರ್ತಿ ನಿಲ್ಲಿಸಲಿಲ್ಲ. ಸಿಸ್ಟರ ಕೂಸೊಂದನ್ನು ಬಿಟ್ಟರೆ, ನಡೆದಾಡುವ ಮಕ್ಕಳನ್ನು ಮಾತ್ರ ಇಟ್ಟುಕೊಂಡೆ. ಓಣಿಯ ಕೊನೆಯಲ್ಲಿದ್ದ ವಿಧವೆಯೊಬ್ಬಳನ್ನು ಜೊತೆಗೆ ಕರೆದುಕೊಂಡೆ. ಎಳೆಗೂಸುಗಳನ್ನು ಕರೆತರುವ ತಾಯಂದಿರು ಬಂದಾಗ, ಈಗ ಇರುವ ಕೂಸು ಎದ್ದು ನಡೆದ ಮೇಲೆಯೇ ಇನ್ನೊಂದು ಎಂದೆ. ಕಾಯಲಾಗದವರು ಬೇರೆ ದಾರಿ ನೋಡಿಕೊಂಡರು. ಒಬ್ಬಿಬ್ಬರು ನೌಕರಿ ಬಿಟ್ಟರು ಎಂದೂ ಕೇಳಿದೆ. ಅವರ ಮುಖಗಳು ನನಗೆ ಈಗಲೂ ನೆನಪಾಗುತ್ತವೆ. ನಾನು ಹೇಳಿದ್ದು ಸರಿಯಾದ ಮಾತೇ ಆಗಿರಬಹುದು, ಆದರೆ ಅದರ ಭಾರವನ್ನು ಹೊತ್ತವರು ಆ ಹೆಣ್ಣುಮಕ್ಕಳು. ಮಧ್ಯಾಹ್ನದ ಹೊತ್ತು ನಮ್ಮ ಮನೆ ಮತ್ತೆ ಎಂದೂ ಶಾಂತವಾಗಲಿಲ್ಲ. ಬೀದಿಯವರು ಅದಕ್ಕೆ ಹೊಂದಿಕೊಂಡರು.

ಇನ್ನೆರಡು ವರ್ಷಕ್ಕೆ ನನಗೆ ಮಗ ಹುಟ್ಟಿದ. ಹೆರಿಗೆಗೆ ಗಂಗಾವತಿಗೆ ಹೋಗಿದ್ದವಳು ಕೂಸಿನೊಡನೆ ಹಿಂತಿರುಗಿದಾಗ ಅತ್ತೆ ಬಾಗಿಲಲ್ಲಿ ನಿಂತು ಆರತಿ ಮಾಡಿದರು, ದೃಷ್ಟಿ ತೆಗೆದರು. ನಾನು ಕೂಸನ್ನು ಅವರ ಕೈಗೆ ಕೊಡಲು ಮುಂದೆ ಚಾಚಿದೆ. ಅವರು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. "ನಿನ್ನ ಹತ್ರನ ಇರಲಿ ತಂಗಿ," ಎಂದರು. ಗಂಡ ಹೇಳಿ ನೋಡಿದರು, ಬೇಡಿಕೊಂಡರು. ಅವರು ಒಪ್ಪಲಿಲ್ಲ.

ಎತ್ತಿಕೊಳ್ಳದಿದ್ದರೂ ಜೋಳಿಗೆಯ ಹತ್ತಿರದಿಂದ ಅವರು ದೂರ ಹೋಗುತ್ತಿರಲಿಲ್ಲ. ಕೂಸು ಮಲಗಿತೆಂದರೆ ಸೀರೆಯ ಮಡಿಕೆ ಸರಿಸಿ, ಅದರ ಮೂಗಿನ ಕೆಳಗೆ ಬೆರಳು ಹಿಡಿಯುತ್ತಿದ್ದರು. ತುಸು ಹೊತ್ತಿಗೆ ಮತ್ತೆ ಹಿಡಿಯುತ್ತಿದ್ದರು. ಅವರ ಒರಟು ಬೆರಳು ತಾಗಿ ಎಷ್ಟೋ ಸಲ ಅದು ಬೆಚ್ಚಿ ಎದ್ದು ಅಳುತ್ತಿತ್ತು. ಕೆಲಸ ಬಿಟ್ಟು ನಾನು ಓಡಿ ಬರುವಷ್ಟರಲ್ಲಿ ಅವರು ಜೋಳಿಗೆಯ ಪಕ್ಕದಲ್ಲಿ ಕುಳಿತಿರುತ್ತಿದ್ದರು, ಮುಖ ಹಗುರಾಗಿರುತ್ತಿತ್ತು.

"ಅಳಲಿ ಬಿಡು," ಎನ್ನುತ್ತಿದ್ದರು ನನಗೆ. "ಅವಸರ ಮಾಡಬ್ಯಾಡ. ಒಂಚೂರು ಅಳಲಿ."